ಬಳ್ಳಿಗಾವೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಒಂದು ಗ್ರಾಮ. ತಾಲ್ಲೂಕು ಕೇಂದ್ರದಿಂದ ವಾಯವ್ಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ಶಿರಾಳಕೊಪ್ಪ ಪೇಟೆಯ ಮಗ್ಗುಲಲ್ಲೇ ಇದೆ. ಇಂದು ಭತ್ತ, ಜೋಳ, ಅಡಕೆಗಳ ನಡುವಿನ ಸಾಧಾರಣ ಹಳ್ಳಿ. ಹತ್ತರಿಂದ ಹನ್ನೆರಡನೆಯ ಶತಮಾನದವರೆಗೆ ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ನಾಡಿನ ರಾಜಧಾನಿ. ಶಾಸನಗಳಲ್ಲಿ ಇದರ ಹೆಸರು ಬಳ್ಳಿಗಾವೆ, ಬಳ್ಳಿಗ್ರಾಮ, ಬಲಿಪುರ ಎಂದೆಲ್ಲ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಬೆಳಗಾಮಿ ಎಂದಿದೆ. ಬಲಿ ಚಕ್ರವರ್ತಿಯ ಊರು, ವನವಾಸದಲ್ಲಿದ್ದ ಪಾಂಡವರು ಬಂದು ಐದು ಲಿಂಗಗಳನ್ನು ಪ್ರತಿಷ್ಠಿಸಿದ ಊರು ಎಂಬ ಐತಿಹ್ಯಗಳನ್ನು ಊರವರು ಹೇಳುತ್ತಾರೆ. ಪಾಂಡವರ ಕಥೆಗೆ ವಯಸ್ಸೂ ಇದೆ: 1035ರ ಶಾಸನವೇ ಅದನ್ನು ಹೇಳುತ್ತದೆ.

ನಡುಗಾಲದ ದೊಡ್ಡ ಊರೆಂದರೆ ನದಿಯ ದಂಡೆಯಲ್ಲಿರಬೇಕೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ನೆರೆಯ ಬನವಾಸಿ ವರದೆಯ ದಂಡೆಯಲ್ಲಿದೆ, ಶಿಕಾರಿಪುರ ಕುಮುದ್ವತಿಯ ದಂಡೆಯಲ್ಲಿದೆ, ಸೊರಬದ ಬದಿಯಲ್ಲಿ ದಂಡಾವತಿ ಹರಿಯುತ್ತದೆ. ಬಳ್ಳಿಗಾವೆ ಇರುವುದು ವರದೆ–ಕುಮುದ್ವತಿಗಳ ನಡುವಿನ ಎತ್ತರದ ನೆಲದಲ್ಲಿ. ಅದರ ನೀರೆಲ್ಲ ಕೆರೆಗಳ ನೀರು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ಅಂಚಿನಲ್ಲಿ ಮಳೆಗೆ ಕೊರತೆಯಿಲ್ಲ, ನೆಲ ಅಲೆಅಲೆಯಾಗಿದೆ. ಎರಡು ದಿಬ್ಬಗಳ ನಡುವೆ ಏರಿ ಹಾಕಿದರೆ ಕೆರೆಯಾಗುತ್ತದೆ. ಊರಿನ ಅತ್ಯಂತ ಪ್ರಸಿದ್ಧ ಸಂಸ್ಥೆಯಾದ ಕೋಡಿಯ ಮಠ ನಿಂತದ್ದು ತಾವರೆಗೆರೆಯ ಕೋಡಿಯ ಬಳಿ. ಜಿಡ್ಡಿಕೆರೆ ಈಗಲೂ ಊರಿಗೆ ಅಂಟಿಕೊಂಡಿದೆ. ಶಾಸನಗಳಲ್ಲಿ ದತ್ತಿಯಾಗಿ ಬಂದ ಗದ್ದೆಗಳ ಎಲ್ಲೆ ಹೇಳುವಾಗ ಕೆರೆ, ಏರಿ, ಕೋಡಿ, ತೂಬು, ಕಾಲುವೆಗಳ ಮಾತು ಮತ್ತೆಮತ್ತೆ ಬರುವುದು ಇದೇ ಕಾರಣಕ್ಕೆ.

ಇತಿಹಾಸ

ಬಳ್ಳಿಗಾವೆಯಲ್ಲಿ ಸಿಕ್ಕ ಹಳೆಯ ಶಾಸನಗಳಲ್ಲೊಂದು ಬಾದಾಮಿ ಚಾಲುಕ್ಯ ವಿನಯಾದಿತ್ಯನ ಕಾಲದ್ದು, ಸುಮಾರು ಕ್ರಿ.ಶ. 685ರದ್ದು. ಆಗ ಈ ಭಾಗವನ್ನು ಚಾಲುಕ್ಯರ ಸಾಮಂತನಾಗಿ ಆಳುತ್ತಿದ್ದವನು ಸೇಂದ್ರಕ ವಂಶದ ಪೊಗಿಲ್ಲಿ. ಕಲ್ಲಿನ ಮೇಲುಭಾಗದಲ್ಲಿ ಆನೆಯನ್ನು ಕೆತ್ತಿದ್ದಾರೆ. ಅದಕ್ಕೂ ಹಿಂದೆ ಇದು ಕದಂಬರ ನಾಡು. ಬಳ್ಳಿಗಾವೆಯ ಉತ್ತರಕ್ಕೆ ಕೆಲವೇ ಕಿ.ಮೀ. ದೂರದ ತಾಳಗುಂದದಲ್ಲಿರುವ ಸ್ತಂಭಶಾಸನ ಆ ವಂಶದ ಮೂಲಕಥೆಯನ್ನೇ ಹೇಳುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ ಸುತ್ತಲಿನ ಪ್ರದೇಶಕ್ಕೆ ನಾಗರಖಂಡ ಎಪ್ಪತ್ತು ಎಂಬ ಹೆಸರು. ಅದರ ಅಧಿಕಾರಿ ತೀರಿಕೊಂಡಾಗ ಆತನ ಹೆಂಡತಿ ಜಕ್ಕಿಯಬ್ಬೆಗೆ ನಾಳ್ಗಾವುಂಡಿಕೆ, ಅಂದರೆ ನಾಡಿನ ಗೌಡಿಕೆ, ಬಂತೆಂದೂ, ಆಕೆ ಸಮರ್ಥಳಾಗಿ ಆಳಿ ಕೊನೆಗೆ ಸಲ್ಲೇಖನದಿಂದ ದೇಹಬಿಟ್ಟಳೆಂದೂ ಹತ್ತನೆಯ ಶತಮಾನದ ಆರಂಭದ ಶಾಸನವೊಂದು ತಿಳಿಸುತ್ತದೆ. ಆಕೆ ದೇಹಬಿಟ್ಟ ಬಂದಳಿಕೆ ಇದೇ ತಾಲ್ಲೂಕಿನಲ್ಲಿದೆ.

ಬಳ್ಳಿಗಾವೆಗೆ ನಿಜವಾದ ಏಳಿಗೆ ಬಂದದ್ದು ಕಲ್ಯಾಣ ಚಾಲುಕ್ಯರಿಂದ. ಜಗದೇಕಮಲ್ಲನೆಂಬ ಬಿರುದಿನ ಎರಡನೆಯ ಜಯಸಿಂಹ, ಅವನ ಮಗ ಒಂದನೆಯ ಸೋಮೇಶ್ವರ, ಮೊಮ್ಮಗ ಆರನೆಯ ವಿಕ್ರಮಾದಿತ್ಯ – ಈ ಮೂವರ ಕಾಲ ಸೇರಿಸಿದರೆ ನೂರು ವರ್ಷಕ್ಕೂ ಹೆಚ್ಚು. ಊರಿನ ಉಳಿದಿರುವ ಕಟ್ಟಡಗಳಲ್ಲಿ ಬಹುಪಾಲು ಈ ಅವಧಿಯವು. ಆದರೆ ಚಕ್ರವರ್ತಿಗಳು ಇಲ್ಲಿ ನೆಲೆಸಿದ್ದವರಲ್ಲ. ಅವರ ನೆಲೆ ಕಲ್ಯಾಣ. ಇಲ್ಲಿ ಇದ್ದವರು ಬನವಾಸಿ ನಾಡನ್ನು ಆಳಲು ನೇಮಕಗೊಂಡ ಮಹಾಮಂಡಲೇಶ್ವರರು, ದಂಡನಾಯಕರು, ಸುಂಕದ ಅಧಿಕಾರಿಗಳು. ಹಾಗಾಗಿ ಬಳ್ಳಿಗಾವೆಯನ್ನು ಅರಮನೆಯ ಊರೆಂದು ನೋಡಲು ಹೋದರೆ ನಿರಾಸೆಯಾಗುತ್ತದೆ. ಶಾಸನಗಳು ‘ಅನಾದಿ ರಾಜಧಾನಿ’ ಎಂದು ಎಷ್ಟೇ ಹೊಗಳಲಿ, ಇದನ್ನು ಕಟ್ಟಿದವರು ಮಠದ ಆಚಾರ್ಯರು, ವರ್ತಕರು, ಕಲ್ಲುಕುಟಿಗರು, ಸಂಗೀತ–ನೃತ್ಯದವರು. ಇಲ್ಲಿಂದ ಹೊರಟು ನಾಡಿನಲ್ಲಿ ಹೆಸರಾದವರು ಕೂಡ ಇವರೇ.

ವರ್ತಕರ ವಿಷಯಕ್ಕೆ ಹನ್ನೊಂದನೆಯ ಶತಮಾನದ ಒಂದು ಶಾಸನ ಸಾಕು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ದೀರ್ಘ ಪ್ರಶಸ್ತಿ ಅದರಲ್ಲಿದೆ. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ಗೌಡ, ಪಾರಸ, ನೇಪಾಳ ಮುಂತಾದ ದೇಶಗಳನ್ನು ನೆಲದ ದಾರಿಯಲ್ಲೂ ಜಲದ ದಾರಿಯಲ್ಲೂ ಸುತ್ತುವವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. ಆನೆ, ಕುದುರೆ, ಮುತ್ತು, ಮಾಣಿಕ, ವಜ್ರ, ನೀಲ, ಹವಳ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ – ಸರಕಿನ ಪಟ್ಟಿ ಒಂದೇ ಉಸಿರಿಗೆ ಓದಲಾಗದಷ್ಟು ಉದ್ದ. ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ; ಒಬ್ಬನೇ ಸೆಟ್ಟಿ ಇಷ್ಟೂ ದೇಶ ಸುತ್ತಿದನೆಂದು ಯಾರೂ ನಂಬಬೇಕಾಗಿಲ್ಲ. ಆದರೆ ಕರಾವಳಿಯ ಬಂದರುಗಳಿಂದ ಘಟ್ಟ ಹತ್ತಿ ಬಯಲುಸೀಮೆಗೆ ಇಳಿಯುವ ಸರಕಿಗೆ ಈ ಅಂಚಿನ ಊರು ಒಳ್ಳೆಯ ತಂಗುದಾಣವಾಗಿತ್ತು. ಸುಂಕದ ಒಂದು ಪಾಲು ದೇವಸ್ಥಾನಕ್ಕೆ, ಮಠಕ್ಕೆ, ಬಸದಿಗೆ ಬಿಟ್ಟುಕೊಟ್ಟ ದಾಖಲೆಗಳು ಇಲ್ಲಿ ಹಲವು.

ಚಾಲುಕ್ಯರ ನಂತರ ಕಳಚುರಿ ಬಿಜ್ಜಳ, ಆಮೇಲೆ ಹೊಯ್ಸಳ ಇಮ್ಮಡಿ ಬಲ್ಲಾಳ, ನಡುನಡುವೆ ಸೇವುಣರು – ಹನ್ನೆರಡನೆಯ ಶತಮಾನದ ನಡುವಿನಿಂದ ಬನವಾಸಿ ನಾಡು ಕೈಯಿಂದ ಕೈಗೆ ಹೋಯಿತು. ಬಳ್ಳಿಗಾವೆಯ ಮಠಗಳು ಎಲ್ಲರಿಂದಲೂ ದತ್ತಿ ಪಡೆದವು. ವಿಜಯನಗರದ ಕಾಲಕ್ಕೆ ಆಡಳಿತದ ಕೇಂದ್ರ ಚಂದ್ರಗುತ್ತಿಯ ಕೋಟೆಗೆ ಸರಿಯಿತು. ಕೆಳದಿ ನಾಯಕರ ಕಾಲಕ್ಕೆ ಬಳ್ಳಿಗಾವೆ ಹಳ್ಳಿಯಾಗಿತ್ತು.

ಕೋಡಿಯ ಮಠ

ಬಳ್ಳಿಗಾವೆಯ ಬಗ್ಗೆ ಒಂದೇ ಸಂಗತಿ ತಿಳಿದುಕೊಳ್ಳಲು ಸಮಯವಿದ್ದರೆ ಅದು ಕೋಡಿಯ ಮಠದ್ದಾಗಿರಬೇಕು. ದಕ್ಷಿಣ ಕೇದಾರ ಎಂದು ಹೆಸರಾದ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಮಠವನ್ನು ನಡೆಸುತ್ತಿದ್ದವರು ಕಾಳಾಮುಖರು. ಲಾಕುಲ ಸಿದ್ಧಾಂತದ ಈ ಶೈವ ಯತಿಗಳು ಹನ್ನೊಂದು, ಹನ್ನೆರಡನೆಯ ಶತಮಾನದಲ್ಲಿ ಕರ್ನಾಟಕದ ಉದ್ದಗಲಕ್ಕೂ ದೇವಾಲಯಗಳ ಸ್ಥಾನಾಚಾರ್ಯರಾಗಿದ್ದರು. ಬಳ್ಳಿಗಾವೆಯಲ್ಲಿದ್ದವರು ಅವರಲ್ಲಿನ ಶಕ್ತಿಪರ್ಷೆ ಎಂಬ ಶಾಖೆಯವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಎಂದು ಗುರುಪರಂಪರೆಯ ಹೆಸರುಗಳು ಶಾಸನದಿಂದ ಶಾಸನಕ್ಕೆ ಮುಂದುವರಿಯುತ್ತವೆ. ಒಂದೇ ಊರಿನ ಒಂದೇ ಮಠದ ಗುರುಗಳನ್ನು ಇಷ್ಟು ತಲೆಮಾರುಗಳ ಕಾಲ ಹಿಂಬಾಲಿಸಲು ಸಿಗುವುದು ಅಪರೂಪ.

1162ರಲ್ಲಿ ಬಿಜ್ಜಳ ದಕ್ಷಿಣದ ದಂಡಯಾತ್ರೆಯಲ್ಲಿ ಬಳ್ಳಿಗಾವೆಯಲ್ಲಿ ಬೀಡುಬಿಟ್ಟಾಗ ಮಠಕ್ಕೆ ದತ್ತಿ ಕೊಟ್ಟ. ಆಗ ಬರೆಸಿದ ಶಾಸನ ಮಠದಲ್ಲಿ ನಡೆಯುವುದೇನು ಎಂಬುದನ್ನು ವಿವರವಾಗಿ ಹೇಳುತ್ತದೆ. ನಾಲ್ಕು ವೇದಗಳನ್ನು ಅಂಗಸಹಿತ ಓದಿಸುತ್ತಿದ್ದರು. ವ್ಯಾಕರಣದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ಪದ್ಧತಿಗಳಿದ್ದವು. ಶಾಕಟಾಯನ ಜೈನ ವೈಯಾಕರಣ ಎಂಬುದನ್ನು ಮರೆಯಬಾರದು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವೂ ಪಾಠಪಟ್ಟಿಯಲ್ಲಿದೆ. ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಎಲ್ಲ ಇದ್ದವು. ಎದುರಾಳಿಯನ್ನು ವಾದದಲ್ಲಿ ಸೋಲಿಸಬೇಕಾದರೆ ಅವನ ಶಾಸ್ತ್ರವನ್ನು ಅವನಿಗಿಂತ ಚೆನ್ನಾಗಿ ಓದಿರಬೇಕು ಎಂಬುದು ಆ ಕಾಲದ ಪಂಡಿತರಿಗೆ ಗೊತ್ತಿತ್ತು. ಪಂಚಲಿಂಗ ದೇವಾಲಯದಲ್ಲಿದ್ದ ಇನ್ನೊಬ್ಬ ಕಾಳಾಮುಖ ಆಚಾರ್ಯ ಲಾಕುಳೀಶ್ವರ ಪಂಡಿತನಿಗೆ ‘ವಾದಿರುದ್ರಗುಣ’ ಎಂಬ ಹೆಸರೇ ಇತ್ತು.

ಓದಿಗಿಂತ ಹೆಚ್ಚು ಮನಸ್ಸು ಹಿಡಿಯುವುದು ಅದೇ ಶಾಸನದ ಮುಂದಿನ ಮಾತುಗಳು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಇಲ್ಲಿ ಅನ್ನ ಸಿಗುತ್ತಿತ್ತು. ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಹೊಗಳುಭಟ್ಟರು ಕೂಡ ಆ ಪಂಕ್ತಿಯಲ್ಲಿದ್ದರು. ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಎಂದು ನಾನಾ ಬಗೆಯ ಸನ್ಯಾಸಿಗಳಿಗೆ, ಬತ್ತಲೆ ಕ್ಷಪಣಕರಿಗೆ ಕೂಡ ಬಾಗಿಲು ತೆರೆದಿತ್ತು. ರೋಗಿಗಳಿಗೆ ಔಷಧ ಕೊಡುವ ಏರ್ಪಾಡಿತ್ತು. ಸಕಲ ಜೀವಿಗಳಿಗೂ ಅಭಯ ಕೊಡುವ ಸ್ಥಾನ ಎಂದು ಪಟ್ಟಿ ಮುಗಿಯುತ್ತದೆ. ಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನಡಿ ನಡೆಯುತ್ತಿದ್ದವು ಎನ್ನಬಹುದು. ಇದನ್ನು ಈಗ ‘ವಿಶ್ವವಿದ್ಯಾಲಯ’ ಎಂದು ಕರೆಯುವ ರೂಢಿ ಬಿದ್ದಿದೆ. ಪದವಿ, ಪರೀಕ್ಷೆಗಳಿರಲಿಲ್ಲ, ದೇವಾಲಯದ ಆದಾಯದಿಂದ ನಡೆಯುತ್ತಿದ್ದ ಮಠ ಅದು. ಮಠ ಎಂಬ ಮಾತಿಗೆ ಕನ್ನಡದಲ್ಲಿ ಇಂದಿಗೂ ಇರುವ ಅರ್ಥವ್ಯಾಪ್ತಿಯೇ ಸಾಕು.

ಆ ಕಾಲದ ಮಠಾಧಿಪತಿ ವಾಮಶಕ್ತಿಯನ್ನು 1168ರ ಶಾಸನ ವ್ಯಾಕರಣದಲ್ಲಿ ಪಾಣಿನಿ, ನಾಟ್ಯದಲ್ಲಿ ಭರತಮುನಿ, ಕಾವ್ಯದಲ್ಲಿ ಸುಬಂಧು, ಸಿದ್ಧಾಂತದಲ್ಲಿ ಲಾಕುಳೀಶ್ವರ ಎಂದು ಹೊಗಳುತ್ತದೆ. ಶೈವ ಯತಿಯೊಬ್ಬನ ಹೆಗ್ಗಳಿಕೆಯಲ್ಲಿ ನಾಟ್ಯಶಾಸ್ತ್ರ ಸೇರಿರುವುದು ಈ ಊರಿಗೆ ತಕ್ಕದ್ದೇ.

ಬಸದಿ, ವಿಹಾರ, ಬ್ರಹ್ಮಪುರಿ

ಊರು ಶೈವರದ್ದಷ್ಟೇ ಆಗಿರಲಿಲ್ಲ. ವಿಷ್ಣು, ಶಿವ, ಬ್ರಹ್ಮ, ಜಿನ, ಬುದ್ಧ – ಐವರ ಆಲಯಗಳೂ ಇಲ್ಲಿವೆ ಎಂದು ಹನ್ನೆರಡನೆಯ ಶತಮಾನದ ಶಾಸನ ಹೆಮ್ಮೆಪಡುತ್ತದೆ. ಬ್ರಾಹ್ಮಣರ ಬ್ರಹ್ಮಪುರಿಗಳಿದ್ದವು, ಬಿಜ್ಜಳನ ಕಾಲದ ಅಧಿಕಾರಿ ಕೇಸಿಮಯ್ಯ ಕೇಶವ ದೇವಾಲಯ ಕಟ್ಟಿಸಿ ವೀರಕೇಶವಪುರವೆಂಬ ಕೇರಿಯನ್ನೇ ಮಾಡಿಸಿದ.

ಜೈನರ ಪಾಲಿಗೆ ಮುಖ್ಯವಾದ ವರ್ಷ 1068. ‘ಸುಕುಮಾರಚರಿತೆ’ ಬರೆದ ಕವಿ ಶಾಂತಿನಾಥ ಆಗ ಬನವಾಸಿ ನಾಡನ್ನು ಆಳುತ್ತಿದ್ದ ಲಕ್ಷ್ಮರಸನ ಬಳಿ ಅಧಿಕಾರಿಯಾಗಿದ್ದ. ಮರದಲ್ಲಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಬೇಕೆಂದು ಒಡೆಯನಿಗೆ ಹೇಳಿ ಒಪ್ಪಿಸಿದವನು ಅವನೇ. ಕನ್ನಡ ಕವಿಯೊಬ್ಬ ಕಟ್ಟಡವೊಂದಕ್ಕೆ ಕಾರಣನಾದ ಇಂಥ ಸ್ಪಷ್ಟ ದಾಖಲೆಗಳು ಹೆಚ್ಚಿಲ್ಲ. ಬಸದಿ ಈಗ ಇಲ್ಲ. ಊರಲ್ಲಿ ಅಲ್ಲಲ್ಲಿ ಜಿನಬಿಂಬಗಳು ಉಳಿದಿವೆ.

ಬೌದ್ಧರ ಕುರುಹು ಇನ್ನೂ ಕುತೂಹಲದ್ದು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಜಯಂತಿ ಪ್ರಬುದ್ಧ ವಿಹಾರವನ್ನು ಕಟ್ಟಿಸಿ, ತಾರಾ ಭಗವತಿಯ ಪೂಜೆಗೂ ಭಿಕ್ಷುಗಳ ಊಟಕ್ಕೂ ದತ್ತಿ ಬಿಟ್ಟ. ದಕ್ಷಿಣದಲ್ಲಿ ಬೌದ್ಧಮತ ಹನ್ನೊಂದನೆಯ ಶತಮಾನಕ್ಕೆ ಮುಗಿದುಹೋಗಿತ್ತೆಂದು ಪಠ್ಯಪುಸ್ತಕಗಳು ಕಲಿಸುವುದುಂಟು. ಮಲೆನಾಡಿನ ಅಂಚಿನ ಈ ಊರಿನಲ್ಲಿ ಆಗ ಹೊಸ ವಿಹಾರ ಏಳುತ್ತಿತ್ತು. ತಾರಾ ಭಗವತಿಯ ವಿಗ್ರಹವೂ ಬಳ್ಳಿಗಾವೆಯಲ್ಲಿ ಸಿಕ್ಕಿದೆ.

ದೇವಾಲಯಗಳು

ಕೇದಾರೇಶ್ವರ ದೇವಾಲಯ ಹನ್ನೊಂದನೆಯ ಶತಮಾನದ ತ್ರಿಕೂಟಾಚಲ. ಪಶ್ಚಿಮ ಮತ್ತು ದಕ್ಷಿಣದ ಗರ್ಭಗುಡಿಗಳಲ್ಲಿ ಲಿಂಗಗಳಿವೆ, ಉತ್ತರದ್ದರಲ್ಲಿ ಜನಾರ್ದನ. ಬಳಪದ ಕಲ್ಲಿನ ಮೂರು ಶಿಖರಗಳೂ ಉಳಿದಿರುವುದರಿಂದ ಚಾಲುಕ್ಯ ಶೈಲಿ ಹೊಯ್ಸಳ ಶೈಲಿಗೆ ತಿರುಗುವ ಹಂತವನ್ನು ನೋಡಬೇಕೆನ್ನುವವರಿಗೆ ಇದು ಒಳ್ಳೆಯ ಪಾಠ. ಶಿಖರದ ಮುಂದಿನ ಸಳ–ಸಿಂಹದ ಶಿಲ್ಪಗಳು ಹೊಯ್ಸಳರ ಲಾಂಛನ, ಆಮೇಲೆ ಸೇರಿದವು. ಮುಂಭಾಗದ ಮಂಟಪ ಎಲ್ಲ ಕಡೆ ತೆರೆದಿದೆ. ತಿರುಗಣೆಯಲ್ಲಿ ಕಡೆದ ಕಂಬಗಳು ಕೈಯಿಟ್ಟರೆ ಜಾರುವಷ್ಟು ನಯ. ಆವರಣದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಶಿಲ್ಪಗಳನ್ನೂ ಶಾಸನಗಳನ್ನೂ ಕೂಡಿಸಿ ಇಟ್ಟಿದೆ. ಹೆಚ್ಚಿನ ಪ್ರವಾಸಿಗಳು ಗುಡಿ ನೋಡಿ ಶಾಸನಗಳ ಮುಂದೆ ನಿಲ್ಲದೆ ಹೊರಟುಬಿಡುತ್ತಾರೆ. ತಪ್ಪು ಅವರದ್ದಷ್ಟೇ ಅಲ್ಲ. ಹಳಗನ್ನಡದ ಆ ಅಕ್ಷರಗಳ ಪಕ್ಕದಲ್ಲಿ ಹೊಸಗನ್ನಡದ ನಾಲ್ಕು ಸಾಲಿನ ವಿವರಣೆ ಹಾಕಿದರೆ ನಿಲ್ಲುವವರ ಸಂಖ್ಯೆ ಹೆಚ್ಚೀತು.

ತ್ರಿಪುರಾಂತಕೇಶ್ವರ ದೇವಾಲಯ ಸುಮಾರು 1070ರದ್ದು. ಹೊರಗೋಡೆ ಬಹಳ ಹಾಳಾಗಿದೆ, ಒಳಗೆ ಹೋದವರಿಗೆ ಬೇರೆಯದೇ ಲೋಕ. ಗರ್ಭಗುಡಿಗೆ ಹೋಗುವ ಬಾಗಿಲುವಾಡವೂ ಅದರ ಎರಡೂ ಬದಿಯ ಜಾಲಂಧ್ರಗಳೂ ಕರ್ನಾಟಕದ ಕಲ್ಲುಕೆತ್ತನೆಯಲ್ಲಿ ಮೊದಲ ಸಾಲಿಗೆ ಸೇರತಕ್ಕವು. ಬಳ್ಳಿಯ ಸುರುಳಿಗಳ ನಡುವೆ ಕುಣಿಯುವವರು, ನುಡಿಸುವವರು ತುಂಬಿಕೊಂಡಿದ್ದಾರೆ. ಅಧಿಷ್ಠಾನದ ಪಟ್ಟಿಕೆಯಲ್ಲಿ ಪಂಚತಂತ್ರದ ಕಥೆಗಳಿವೆ, ಅವುಗಳ ನಡುವೆ ಮಿಥುನ ಶಿಲ್ಪಗಳೂ ಇವೆ. ದುರ್ಗಸಿಂಹ ಕನ್ನಡದಲ್ಲಿ ‘ಪಂಚತಂತ್ರ’ ಬರೆದು ಮುಗಿಸಿದ್ದು 1031ರಲ್ಲಿ, ಇದೇ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ. ಒಂದು ಇನ್ನೊಂದಕ್ಕೆ ಪ್ರೇರಣೆ ಎನ್ನಲು ಆಧಾರವಿಲ್ಲ. ಆ ಕಾಲದ ಜನರಿಗೆ ಈ ಕಥೆಗಳು ಎಷ್ಟು ಹತ್ತಿರದವಾಗಿದ್ದವು ಎಂಬುದು ಮಾತ್ರ ಎರಡರಿಂದಲೂ ಗೊತ್ತಾಗುತ್ತದೆ.

ಭೇರುಂಡ ಸ್ತಂಭ ಊರಿನ ಮೂರನೆಯ ಆಕರ್ಷಣೆ. ಬನವಾಸಿ ನಾಡಿನ ಮಹಾಮಂಡಲೇಶ್ವರ ಚಾವುಂಡರಾಯರಸ 1047ರಲ್ಲಿ ಜಗದೇಕಮಲ್ಲೇಶ್ವರ ದೇವರ ಮುಂದೆ ಇದನ್ನು ನಿಲ್ಲಿಸಿದ. ಸುಮಾರು 30 ಅಡಿ ಎತ್ತರದ ಏಕಶಿಲೆ. ಸ್ತಂಭಕ್ಕೆ ಸೇರಿದ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಈಗ ನಾವು ಕರ್ನಾಟಕದ ರಾಜ್ಯಲಾಂಛನದಲ್ಲಿ ನೋಡುವ, ರೆಕ್ಕೆ ಬಿಚ್ಚಿದ ಪಕ್ಷಿಯಲ್ಲ. ಮೈಸೂರು ಒಡೆಯರು ಈ ಚಿಹ್ನೆಯನ್ನು ತಮ್ಮದಾಗಿಸಿಕೊಳ್ಳುವುದಕ್ಕೆ ಶತಮಾನಗಳ ಮುಂಚೆ ಅದು ಇಲ್ಲಿ ಕಂಬವೇರಿತ್ತು. ಜಮೀನು ಅಳೆಯುವ ಗಳೆಗೂ ಭೇರುಂಡನ ಹೆಸರಿತ್ತು.

ಪಂಚಲಿಂಗ, ಸೋಮೇಶ್ವರ ಮುಂತಾದ ಗುಡಿಗಳು, ಊರೊಳಗೂ ಹೊಲದ ಬದುಗಳಲ್ಲೂ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳು ಇವುಗಳ ಜೊತೆಗಿವೆ.

ಊರಿನಿಂದ ಹೊರಟವರು

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠೆಯಾಯಿತು. ಅಲ್ಲಿನ ಮದನಿಕೆಯರ ಕೆಳಗೆ ಕೆತ್ತಿದವರ ಹೆಸರುಗಳಿವೆ. ಅವರಲ್ಲಿ ದಾಸೋಜ, ಅವನ ಮಗ ಚಾವಣ ಬಳ್ಳಿಗಾವೆಯವರು. ಶಿಲಾಬಾಲಿಕೆಯರನ್ನು ಮೆಚ್ಚುವ ಪ್ರವಾಸಿಗಳಲ್ಲಿ ಕೆಲವರಾದರೂ ಅವರನ್ನು ಕೆತ್ತಿದ ಕೈ ಪಳಗಿದ ಊರನ್ನು ಹುಡುಕಿಕೊಂಡು ಬರಬೇಕು. ಹೊಯ್ಸಳ ಶಿಲ್ಪವೆಂದು ಲೋಕಪ್ರಸಿದ್ಧವಾದದ್ದರ ತವರು ಚಾಲುಕ್ಯರ ಈ ಊರುಗಳಲ್ಲಿದೆ.

ವಿಷ್ಣುವರ್ಧನನ ಪಟ್ಟದ ರಾಣಿ, ನಾಟ್ಯರಾಣಿ ಶಾಂತಲೆಯನ್ನೂ ಬಳ್ಳಿಗಾವೆಯ ಮಗಳೆಂದು ಜನ ಹೇಳುತ್ತಾರೆ. ಇಲ್ಲೇ ಹುಟ್ಟಿದಳು, ಇಲ್ಲೇ ನೃತ್ಯ ಕಲಿತಳು ಎಂಬುದು ಪ್ರಚಲಿತ ನಂಬಿಕೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಗಳು ಆಕೆಯನ್ನು ಕನ್ನಡಿಗರ ಮನೆಮಾತು ಮಾಡಿವೆ. ಶಾಸನಗಳಿಂದ ಖಚಿತವಾಗಿ ತಿಳಿಯುವುದು ಆಕೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂಬಷ್ಟು.

ಅಲ್ಲಮಪ್ರಭುವಿನ ಊರೂ ಇದೇ ಎಂದು ಹರಿಹರ ಕವಿಯ ರಗಳೆ ಹೇಳುತ್ತದೆ. ದೇವಾಲಯದಲ್ಲಿ ಮದ್ದಳೆ ನುಡಿಸುತ್ತಿದ್ದ ಯುವಕ, ಕಮಲತೆಯೆಂಬ ಹೆಣ್ಣಿನಲ್ಲಿ ಒಲವು, ಅವಳು ಜ್ವರದಿಂದ ತೀರಿಕೊಂಡದ್ದು, ಅಲೆಯುತ್ತ ಹೋದವನಿಗೆ ನೆಲದಡಿಯ ಗುಡಿಯಲ್ಲಿ ಅನಿಮಿಷಯ್ಯ ಕಂಡದ್ದು – ಇದು ಹರಿಹರನ ಕಥೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ ಇದನ್ನೇ ಬೇರೆ ಮಾಡಿ, ಬನವಾಸಿಯ ರಾಜಕುಮಾರಿ ಮಾಯೆಯ ಕಥೆಯಾಗಿಸುತ್ತದೆ. ಊರನ್ನು ನೋಡಿದ ಮೇಲೆ ಹರಿಹರನ ಕಥೆಯೇ ಹೆಚ್ಚು ಹೊಂದುತ್ತದೆ: ಬಾಗಿಲುವಾಡದ ತುಂಬ ಮದ್ದಳೆಯವರನ್ನು ಕೆತ್ತಿಕೊಂಡ ಊರಿದು, ಮಠದ ಪಂಕ್ತಿಯಲ್ಲಿ ವಾದ್ಯದವರಿಗೆ ಎಲೆ ಹಾಕುತ್ತಿದ್ದ ಊರು. ಬೌದ್ಧ, ಸಾಂಖ್ಯ, ಲಾಕುಲ ವಾದಗಳು ದಿನವೂ ಕಿವಿಗೆ ಬೀಳುವ ಕಡೆ ಬೆಳೆದವನು ಎಲ್ಲ ವಾದಗಳನ್ನೂ ಪ್ರಶ್ನಿಸುವ ವಚನಕಾರನಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಅಕ್ಕಮಹಾದೇವಿಯ ಉಡುತಡಿ ಎಂದು ಗುರುತಿಸುವ ಉಡುಗಣಿಯೂ ಇದೇ ತಾಲ್ಲೂಕಿನದು. ಕಲ್ಯಾಣದ ಶೂನ್ಯಪೀಠದ ಮುಂದೆ ಎದುರುಬದುರಾದ ಅಲ್ಲಮ, ಅಕ್ಕ ಇಬ್ಬರೂ ನೆರೆಹೊರೆಯ ಊರಿನವರು.

ಕಾಳಾಮುಖರು ಹದಿಮೂರನೆಯ ಶತಮಾನದ ಮೇಲೆ ಇಲ್ಲಿ ಕಾಣುವುದಿಲ್ಲ. ಅವರ ಮಠಗಳಲ್ಲಿ ಹಲವು ವೀರಶೈವರ ಮಠಗಳಾದವೆಂದು ವಿದ್ವಾಂಸರು ಊಹಿಸುತ್ತಾರೆ. ಇತ್ತ ಕೋಡಿಯ ಮಠದಲ್ಲಿ ವೇದ, ವ್ಯಾಕರಣಗಳ ಸಂಸ್ಕೃತ ಪಾಠ, ಅತ್ತ ಅಲ್ಲಮನ ಬೆಡಗಿನ ಕನ್ನಡ – ಒಂದೇ ಶತಮಾನದಲ್ಲಿ ಒಂದೇ ಊರಿಗೆ ಸೇರಿದ ಇವೆರಡರಲ್ಲಿ ಉಳಿದು ಬಂದದ್ದು ಯಾವುದೆಂದು ಹೇಳಬೇಕಾಗಿಲ್ಲ.

ಸುತ್ತಮುತ್ತ

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬ ಶಾಂತಿವರ್ಮನ ಕಾಲದ, ಕುಬ್ಜ ಕವಿ ರಚಿಸಿದ ಸಂಸ್ಕೃತ ಸ್ತಂಭಶಾಸನವಿದೆ. ವೇದ ಓದಲು ಅಜ್ಜ ವೀರಶರ್ಮನೊಡನೆ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಅಶ್ವಾರೋಹಿಯಿಂದ ಅವಮಾನಗೊಂಡು ಕತ್ತಿ ಹಿಡಿದ ಕಥೆ ನಮಗೆ ತಿಳಿದದ್ದು ಈ ಕಂಬದಿಂದಲೇ. ಪುರಾತತ್ತ್ವ ಇಲಾಖೆ 2013ರಲ್ಲಿ ಇಲ್ಲಿ ನಡೆಸಿದ ಉತ್ಖನನದಲ್ಲಿ ಮೆಟ್ಟಿಲ ಬದಿಯ ಸಿಂಹಕಟಾಂಜನದ ಮೇಲಿನ ಕನ್ನಡ–ಸಂಸ್ಕೃತ ಶಾಸನ ಸಿಕ್ಕಿತು. ಅದು ಸುಮಾರು ಕ್ರಿ.ಶ. 370ರದ್ದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂಬ ವಾದವಿದೆ. ಬಂದಳಿಕೆಯಲ್ಲಿ ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ದೇವಾಲಯಗಳಿವೆ. ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರ ದೇವಾಲಯ ಸುಮಾರು 1100ರ ದೊಡ್ಡ ಕಟ್ಟಡ, ಭೇಟಿ ಕೊಡುವವರು ಕಡಿಮೆ. ಚಂದ್ರಗುತ್ತಿಯ ರೇಣುಕಾಂಬೆ, ಮಳೆಗಾಲದಲ್ಲಿ ಬೆಳ್ಳಕ್ಕಿ, ಕೆಂಬರಲುಗಳು ಗೂಡು ಕಟ್ಟುವ ಗುಡವಿ ಪಕ್ಷಿಧಾಮ ಅದೇ ತಾಲ್ಲೂಕಿನವು. ಮುಂದೆ ಹೋದರೆ ವರದೆಯ ದಂಡೆಯ ಬನವಾಸಿ, ಮಧುಕೇಶ್ವರ.

ಬಳ್ಳಿಗಾವೆಗೆ ಶಿವಮೊಗ್ಗದಿಂದ ಶಿಕಾರಿಪುರ, ಶಿರಾಳಕೊಪ್ಪಗಳ ಮೂಲಕ ಬಸ್ಸಿದೆ. ವಸತಿಗೆ ಶಿಕಾರಿಪುರ ಇಲ್ಲವೆ ಶಿವಮೊಗ್ಗ ಅನುಕೂಲ. ಮಳೆ ನಿಂತು ಕೆರೆ ತುಂಬಿರುವ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಸಮಯ. ಈ ಊರಿನ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಬರುವವರು ಅದರ ಶಿಕಾರಿಪುರ ತಾಲ್ಲೂಕಿನ 102ನೆಯ ಶಾಸನವನ್ನು, ಅಂದರೆ ಕೋಡಿಯ ಮಠದ 1162ರ ಶಾಸನವನ್ನು, ಮೊದಲೇ ಒಮ್ಮೆ ಓದಿಕೊಂಡು ಬರುವುದು ಲೇಸು.